ಪರಾಗ ಎಣಿಸುವ ಯಂತ್ರಕ್ಕೆ ಕಾಂಗ್ರೆಸ್ ಗಿಡವನ್ನು ಯಾರು ತೋರಿಸಬೇಕು?

ಮಳೆ ಹಿಂದೆ ಸರಿದು ಹತ್ತು ಹದಿನೈದು ದಿನ ಕಳೆದರೆ ಸಾಕು, ಬೆಳಗಿನ ವಾಕಿಂಗಿನಲ್ಲಿ ನನ್ನ ಮೂಗು ಒಂದು ಜಾಗವನ್ನು ತಪ್ಪದೆ ಗುರುತಿಸುತ್ತದೆ. ಮನೆಯಿಂದ ನಾಲ್ಕನೇ ಖಾಲಿ ಸೈಟು. ಸೊಂಟದೆತ್ತರ ಬೆಳೆದ ಕಾಂಗ್ರೆಸ್ ಗಿಡ, ಅದರ ಮೇಲೆ ನುಚ್ಚಕ್ಕಿ ಚೆಲ್ಲಿದ ಹಾಗೆ ಬಿಳಿ ಹೂ. ಕಳೆದ ಅಕ್ಟೋಬರಿನಲ್ಲಿ ಒಂದು ದಿನ ಆ ಸೈಟು ದಾಟುವಷ್ಟರಲ್ಲಿ 11 ಸೀನು ಬಂತು. ಕಣ್ಣೊರೆಸಿಕೊಂಡು ಫೋನಿನಲ್ಲಿ ಗಾಳಿಯ ಗುಣಮಟ್ಟ ನೋಡಿದೆ. ಎಕ್ಯೂಐ 58, ‘ತೃಪ್ತಿಕರ’, ಹಸಿರು ಬಣ್ಣ.

ಫೋನ್ ಸುಳ್ಳು ಹೇಳಿರಲಿಲ್ಲ. ನಮ್ಮ ವಾಯು ಗುಣಮಟ್ಟ ಸೂಚ್ಯಂಕದ ಲೆಕ್ಕಕ್ಕೆ ಬರುವುದು 8 ಮಾಲಿನ್ಯಕಾರಕಗಳು: ಪಿಎಂ 10, ಪಿಎಂ 2.5, ನೈಟ್ರೋಜನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್, ಓಝೋನ್, ಅಮೋನಿಯಾ, ಸೀಸ. ಪರಾಗ ಇದರಲ್ಲಿಲ್ಲ. ಅಷ್ಟೇ ಅಲ್ಲ, ಪಿಎಂ 10 ಅಳೆಯುವ ಉಪಕರಣ ಸುಮಾರು 10 ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪ ಕಣಗಳನ್ನು ಬಾಗಿಲಲ್ಲೇ ತಡೆಯುವ ಹಾಗೆ ಮಾಡಿದ್ದು. ಕಾಂಗ್ರೆಸ್ ಗಿಡದ ಪರಾಗ 15ರಿಂದ 20 ಮೈಕ್ರಾನ್, ಹುಲ್ಲುಗಳದ್ದು ಸಾಮಾನ್ಯವಾಗಿ ಇನ್ನೂ ದಪ್ಪ. ನನ್ನ ಮೂಗಿನೊಳಗೆ ಸಲೀಸಾಗಿ ಹೋದದ್ದು ಆ ಉಪಕರಣದೊಳಗೆ ಹೆಚ್ಚಾಗಿ ಹೋಗಲೇ ಇಲ್ಲ. ಡಾಕ್ಟರು ‘ಡಸ್ಟ್ ಅಲರ್ಜಿ’ ಎಂದು ಚೀಟಿ ಬರೆಯುತ್ತಾರೆ, ಮೆಡಿಕಲ್ ಶಾಪಿನವನು ಕೇಳುವ ಮೊದಲೇ ಸೆಟ್ರಿಜಿನ್ ತೆಗೆದಿಡುತ್ತಾನೆ. ಯಾವ ದಿನ, ಯಾವ ಹೊತ್ತಿನಲ್ಲಿ, ಯಾವ ಗಿಡದ ಎಷ್ಟು ಪರಾಗ ಗಾಳಿಯಲ್ಲಿತ್ತು ಎಂದು ಹೇಳುವವರು ಮಾತ್ರ ಸಿಗುವುದಿಲ್ಲ.

ಜಗತ್ತಿನ ಕೆಲವು ಕಡೆ ಇದನ್ನು ಈಗ ಯಂತ್ರಗಳು ಹೇಳುತ್ತಿವೆ, ಅದೂ ಗಂಟೆಗಳ ಲೆಕ್ಕದಲ್ಲಿ. ಅಂಥದ್ದೇ ನಾಲ್ಕು ಯಂತ್ರ ತಂದು ಬೆಂಗಳೂರಿನ ತಾರಸಿಗಳ ಮೇಲೆ ಕೂರಿಸಿದರೆ ಆಗದೇ ಎಂದು ಕೇಳಬಹುದು. ಆಗುವುದಿಲ್ಲ ಎಂಬುದು ನನ್ನ ವಾದ. ಕಾರಣ ದುಡ್ಡಲ್ಲ, ದುಡ್ಡಿನದು ಆಮೇಲಿನ ಮಾತು.

ಮೊದಲು ಹಳೆಯ ಪದ್ಧತಿ ನೋಡೋಣ, ಯಾಕೆಂದರೆ ಹೊಸ ಯಂತ್ರಗಳನ್ನೂ ಇವತ್ತಿಗೂ ಅದರ ಪಕ್ಕದಲ್ಲೇ ನಿಲ್ಲಿಸಿ ಪರೀಕ್ಷಿಸುತ್ತಾರೆ. 1952ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಹರ್ಸ್ಟ್ ಎಂಬ ವಿಜ್ಞಾನಿ ಒಂದು ಗಾಳಿಬಲೆಯ ವಿವರ ಪ್ರಕಟಿಸಿದರು. ಅವರಿಗೆ ಬೇಕಿದ್ದುದು ಪರಾಗವಲ್ಲ, ಬೆಳೆರೋಗ ಹರಡುವ ಶಿಲೀಂಧ್ರದಂಥ ಜೀವಿಗಳ ಬೀಜಕಗಳು. ಒಂದು ಸಣ್ಣ ಪಂಪು ನಿಮಿಷಕ್ಕೆ 10 ಲೀಟರ್ ಗಾಳಿ ಎಳೆಯುತ್ತದೆ. ಸುಮ್ಮನೆ ಕೂತ ಮನುಷ್ಯ ಉಸಿರಾಡುವುದೂ ಹೆಚ್ಚುಕಡಿಮೆ ಅಷ್ಟೇ. ಗಾಳಿ 2 ಮಿಲಿಮೀಟರ್ ಅಗಲದ ಸೀಳಿನೊಳಗೆ ನುಗ್ಗಿ, ಎದುರಿಗಿರುವ ಅಂಟು ಬಳಿದ ಪಟ್ಟಿಗೆ ಬಡಿಯುತ್ತದೆ. ಗಾಳಿ ಪಕ್ಕಕ್ಕೆ ಹೊರಳಿ ಹೋಗುತ್ತದೆ, ಭಾರದ ಕಣ ಹೊರಳಲಾರದೆ ಅಂಟಿಕೊಳ್ಳುತ್ತದೆ. ಈಗ ಬಳಕೆಯಲ್ಲಿರುವ ಬಲೆಗಳಲ್ಲಿ ಪಟ್ಟಿ ಸುತ್ತಿದ ಡ್ರಮ್ಮು ಗಡಿಯಾರದ ಯಂತ್ರದಿಂದ ಗಂಟೆಗೆ 2 ಮಿಲಿಮೀಟರ್ ತಿರುಗುತ್ತದೆ, 7 ದಿನಕ್ಕೆ ಒಂದು ಸುತ್ತು. ಹರ್ಸ್ಟ್ ತಮ್ಮ ಬಲೆಯನ್ನು ಕರೆದದ್ದೇ ‘ಸ್ವಯಂಚಾಲಿತ’ ಎಂದು. ಆ ಕಾಲಕ್ಕೆ ಅದು ಸರಿಯೇ.

ಆದರೆ ಸ್ವಯಂಚಾಲಿತ ಭಾಗ ಮುಗಿಯುವುದು ಅಲ್ಲಿಗೆ. ವಾರ ಕಳೆದ ಮೇಲೆ ಒಬ್ಬರು ತಾರಸಿ ಹತ್ತಿ ಡ್ರಮ್ಮು ಇಳಿಸಿ ತರಬೇಕು. ಪಟ್ಟಿಯನ್ನು 48 ಮಿಲಿಮೀಟರಿನ ತುಂಡುಗಳಾಗಿ ಕತ್ತರಿಸಬೇಕು, ಒಂದು ತುಂಡು ಒಂದು ದಿನದ ಗಾಳಿ. ಅದನ್ನು ಗಾಜಿನ ಮೇಲೆ ಕೂರಿಸಿ ಫುಕ್ಸಿನ್ ಬಣ್ಣ ಹಾಕಿದರೆ ಪರಾಗ ಗುಲಾಬಿಯಾಗಿ ಎದ್ದು ಕಾಣುತ್ತದೆ. ಮಸಿ, ಮಣ್ಣು ಕಪ್ಪು ಕಂದಾಗಿಯೇ ಉಳಿಯುತ್ತವೆ. ಆಮೇಲೆ ಸೂಕ್ಷ್ಮದರ್ಶಕದ ಮುಂದೆ ಕೂತು ಸಾಲು ಹಿಡಿದು ಎಣಿಕೆ. ದುಂಡಗೆ, ಒಂದೇ ರಂಧ್ರವಿದ್ದು ಮೈ ನುಣ್ಣಗಿದ್ದರೆ ಹುಲ್ಲು. ಮೈತುಂಬ ಮುಳ್ಳಿದ್ದರೆ ಸೂರ್ಯಕಾಂತಿಯ ಬಳಗ, ಕಾಂಗ್ರೆಸ್ ಗಿಡವೂ ಆ ಬಳಗದ್ದೇ. ಮೂರು ಮೂಲೆ ಇದ್ದರೆ ನೀಲಗಿರಿಯ ಕುಟುಂಬ ಇರಬಹುದು. ಗರಿಕೆಯ ಪರಾಗ ಯಾವುದು, ಇನ್ನೊಂದು ಹುಲ್ಲಿನದು ಯಾವುದು ಎಂದು ಕೇಳಿದರೆ ಪಳಗಿದವರೂ ಕೈಯೆತ್ತುತ್ತಾರೆ, ಹುಲ್ಲುಗಳೆಲ್ಲ ನೋಡಲು ಅಣ್ಣತಮ್ಮಂದಿರು.

ಪೂರ್ತಿ ತುಂಡು ಎಣಿಸುವ ತಾಳ್ಮೆ ಯಾರಿಗೂ ಇಲ್ಲ. ಸಾಮಾನ್ಯವಾಗಿ ಹತ್ತನೇ ಒಂದು ಭಾಗ ಎಣಿಸಿ ಗುಣಿಸುತ್ತಾರೆ. ದಿನಕ್ಕೆ ಒಳಬಂದ ಗಾಳಿ 14.4 ಘನ ಮೀಟರ್. ಅಂದರೆ ಕಣ್ಣಿಗೆ ಬಿದ್ದ ಒಂದೊಂದು ಪರಾಗವೂ ಘನ ಮೀಟರಿಗೆ ಸುಮಾರು 0.7 ಎಂದು ಲೆಕ್ಕಕ್ಕೆ ಸೇರುತ್ತದೆ. ಎರಡು ಕಣ ಬಿಟ್ಟುಹೋದರೆ ಕಡಿಮೆ ಪರಾಗದ ದಿನದ ಅಂಕಿಯೇ ಬದಲಾಗುತ್ತದೆ. ಇಷ್ಟೆಲ್ಲ ಮುಗಿದು ವರದಿ ಬರುವ ಹೊತ್ತಿಗೆ ಗಾಳಿ ಬೀಸಿ ಮೂರು ದಿನದಿಂದ ಹತ್ತು ದಿನ ಆಗಿರುತ್ತದೆ. ಸಂಶೋಧಕರಿಗೆ ಅಷ್ಟು ಸಾಕು. ಇವತ್ತು ಮಗುವನ್ನು ಆಟಕ್ಕೆ ಬಿಡಲೋ ಬೇಡವೋ ಎಂದು ನೋಡುವ ತಾಯಿಗೆ ಅದು ಹೋದ ವಾರದ ಪೇಪರು.

ಜಪಾನಿನವರು ಕಾಯಲಿಲ್ಲ. ಎರಡನೇ ಮಹಾಯುದ್ಧದ ನಂತರ ಮರಮಟ್ಟಿಗಾಗಿ ಅವರು ಬೆಟ್ಟಬೆಟ್ಟವನ್ನೇ ಸುಗಿ (ಜಪಾನಿ ಸೀಡರ್) ಮರಗಳಿಂದ ತುಂಬಿದರು. ಮರ ಬಲಿತ ಮೇಲೆ ಪ್ರತಿ ವಸಂತದಲ್ಲೂ ಹಳದಿ ಮೋಡದಂತೆ ಪರಾಗ ಏಳತೊಡಗಿತು. 2019ರ ಒಂದು ರಾಷ್ಟ್ರವ್ಯಾಪಿ ಸಮೀಕ್ಷೆಯಲ್ಲಿ 100ಕ್ಕೆ 40ಕ್ಕಿಂತ ಹೆಚ್ಚು ಜನರಿಗೆ ಪರಾಗದ ಅಲರ್ಜಿ ಕಂಡುಬಂತು. 2023ರಲ್ಲಿ ಅಲ್ಲಿನ ಸರ್ಕಾರ ಇದನ್ನು ರಾಷ್ಟ್ರೀಯ ಸಮಸ್ಯೆಯೆಂದೇ ಪರಿಗಣಿಸಿ, 30 ವರ್ಷದಲ್ಲಿ ಪರಾಗವನ್ನು ಅರ್ಧಕ್ಕಿಳಿಸುವ ಗುರಿ ಹಾಕಿಕೊಂಡಿತು. ಅಲ್ಲಿನ ಒಂದು ಖಾಸಗಿ ಹವಾಮಾನ ಸಂಸ್ಥೆ ಚೆಂಡಿನಾಕಾರದ ಪುಟ್ಟ ಯಂತ್ರಗಳನ್ನು ಜನರ ಮನೆಗಳಲ್ಲೇ ತೂಗುಹಾಕಿದೆ. ಪರಾಗ ಹೆಚ್ಚಾದರೆ ಅದರ ಕಣ್ಣಿನ ಬಣ್ಣ ಬದಲಾಗುತ್ತದೆ. ಅಂಥ ಸರಳ ಯಂತ್ರದಿಂದ ಕೆಲಸ ಹೇಗೆ ನಡೆಯುತ್ತದೆ? ಆ ಋತುವಿನಲ್ಲಿ ಅಲ್ಲಿನ ಗಾಳಿಯನ್ನು ಆಳುವುದು ಮುಖ್ಯವಾಗಿ ಒಂದೇ ಜಾತಿಯ ಮರ, ಸುಮಾರು 30 ಮೈಕ್ರಾನಿನ ದುಂಡನೆಯ ಕಣ. ಲೇಸರ್ ಬೆಳಕಿಗೆ ಅಡ್ಡ ಬಂದ ಆ ಗಾತ್ರದ ದುಂಡನೆಯ ಕಣಗಳನ್ನು ಎಣಿಸಿಬಿಟ್ಟರೆ ಹೆಚ್ಚುಕಡಿಮೆ ಸುಗಿಯ ಲೆಕ್ಕ ಸಿಕ್ಕಹಾಗೆ. ನಮ್ಮ ಗಾಳಿ ಹಾಗಿಲ್ಲ, ಅದು ಮಿಶ್ರ ಬೆಳೆಯ ಹೊಲ.

ಯೂರೋಪು ಕಷ್ಟದ ದಾರಿ ಹಿಡಿಯಿತು. ಜರ್ಮನಿಯ ಬವೇರಿಯಾ ರಾಜ್ಯ 2019ರಲ್ಲಿ 8 ಯಂತ್ರಗಳ ಜಾಲ ಆರಂಭಿಸಿತು. ಅದರ ಒಳಗಿರುವುದು ಒಂದು ರೀತಿಯಲ್ಲಿ ಹರ್ಸ್ಟರ ಪದ್ಧತಿಯೇ: ಗಾಳಿ ಎಳೆದು ಅಂಟಿನ ಮೇಲೆ ಕಣ ಹಿಡಿ, ಸೂಕ್ಷ್ಮದರ್ಶಕದಡಿ ಫೋಟೊ ತೆಗೆ, ಚಿತ್ರ ನೋಡಿ ಗುರುತು ಹೇಳು. ತಾರಸಿ ಹತ್ತುವವರ, ಗಾಜಿನ ಮುಂದೆ ಕೂರುವವರ ಕೆಲಸವೆಲ್ಲ ಪೆಟ್ಟಿಗೆಯೊಳಗೇ ನಡೆಯುತ್ತದೆ, 3 ಗಂಟೆಗೊಮ್ಮೆ ಅಂಕಿ ಹೊರಬರುತ್ತದೆ. ಸ್ವಿಟ್ಜರ್ಲೆಂಡಿನ ಹವಾಮಾನ ಇಲಾಖೆ ಇನ್ನೂ ಮುಂದೆ ಹೋಗಿ, 2023ರಿಂದ ದೇಶದ ಪರಾಗ ಮಾಪನವನ್ನು ಸ್ವಯಂಚಾಲಿತ ಕೇಂದ್ರಗಳಿಗೆ ಒಪ್ಪಿಸಿ ಗಂಟೆಗಂಟೆಗೂ ಅಂಕಿ ಕೊಡುತ್ತಿದೆ.

ಸ್ವಿಸ್ ಯಂತ್ರದ ಕೆಲಸ ಸೊಗಸಾಗಿದೆ, ಸ್ವಲ್ಪ ಹತ್ತಿರದಿಂದ ನೋಡೋಣ. ಅಲ್ಲಿ ಅಂಟೂ ಇಲ್ಲ, ಗಾಜೂ ಇಲ್ಲ. ಕಣ ಗಾಳಿಯಲ್ಲಿ ಹಾರುತ್ತಿರುವಾಗಲೇ ಅದರ ಚಿತ್ರ ಸಿಗಬೇಕು. ಮಾಮೂಲಿ ಕ್ಯಾಮೆರಾ ಆದರೆ ಫೋಕಸ್ ಮಾಡುವಷ್ಟರಲ್ಲಿ ಕಣ ಹೋಗಿರುತ್ತದೆ. ಅದಕ್ಕೆ ಹೋಲೋಗ್ರಫಿ. ಕೆರೆಯಲ್ಲಿ ಅಲೆ ಬಂದು ಒಂದು ಗೂಟಕ್ಕೆ ಬಡಿದರೆ ಅದರಾಚೆ ನೀರಿನ ಮೇಲೆ ಒಂದು ಬಗೆಯ ಗೆರೆಗಳ ಜಾಲ ಮೂಡುತ್ತದಲ್ಲ, ಬೆಳಕಿನಲ್ಲೂ ಹಾಗೆಯೇ. ಯಂತ್ರ ಹಿಡಿದಿಡುವುದು ಕಣದ ರೂಪವನ್ನಲ್ಲ, ಕಣ ದಾಟಿದ ಬೆಳಕಿನ ಅಲೆಗಳ ವಿನ್ಯಾಸವನ್ನು. ಅದರಿಂದ ಗೂಟ ಹೇಗಿತ್ತು ಎಂದು ಕಂಪ್ಯೂಟರ್ ಹಿಂದಕ್ಕೆ ಲೆಕ್ಕ ಹಾಕುತ್ತದೆ. ಲಂಬಕೋನದಲ್ಲಿರುವ ಎರಡು ಕ್ಯಾಮೆರಾಗಳಿಂದ ಒಂದೇ ಕಣದ ಎರಡು ಚಿತ್ರ ಸಿಗುತ್ತದೆ. ಜೊತೆಗೆ ನೇರಳಾತೀತ ಬೆಳಕು ಬಿಟ್ಟು ಕಣ ಎಷ್ಟು ಮಿನುಗುತ್ತದೆ ಎಂದೂ ನೋಡಬಹುದು. ಜೀವವಸ್ತುವಿನಲ್ಲಿರುವ ಕೆಲವು ರಾಸಾಯನಿಕಗಳು ಮಿನುಗುತ್ತವೆ, ಮಣ್ಣಿನ ಕಣ ಬಹುಪಾಲು ಸುಮ್ಮನಿರುತ್ತದೆ. ಜಿನೀವಾದ ಇನ್ನೊಂದು ಕಂಪನಿಯ ಯಂತ್ರ ಚಿತ್ರವನ್ನೇ ತೆಗೆಯದೆ, ಬೆಳಕು ಚದುರುವ ರೀತಿ ಮತ್ತು ಈ ಮಿನುಗಿನಿಂದಲೇ ಗುರುತು ಹಚ್ಚುತ್ತದೆ. ಸೆರ್ಬಿಯಾದ ನೋವಿ ಸಾದ್ ನಗರದಲ್ಲಿ ಅದನ್ನು ಬಳಸಿದ್ದಾರೆ.

ನೋಡುವುದು ಯಂತ್ರ, ಸರಿ. ಗುರುತು ಹೇಳುವುದು? ಅದನ್ನು ಕಲಿಸಬೇಕು. ನನ್ನ ಮುಖ್ಯ ತಕರಾರು ಇರುವುದು ಇಲ್ಲೇ.

ಕಲಿಸುವುದು ಎಂದರೆ ಇಷ್ಟು. ಒಬ್ಬ ಸಸ್ಯವಿಜ್ಞಾನಿ ಹೊಲಕ್ಕೆ ಹೋಗಿ ಇದು ಇದೇ ಗಿಡ ಎಂದು ಖಾತ್ರಿ ಮಾಡಿಕೊಂಡು ಹೂ ತರಬೇಕು. ಒಣಗಿಸಿ, ಜರಡಿ ಹಿಡಿದು, ಕೇಸರದ ಚೂರು, ಹೇನು, ಮಣ್ಣು ಬೇರ್ಪಡಿಸಿ ತಾಜಾ ಪರಾಗವನ್ನು ಯಂತ್ರದೊಳಗೆ ಊದಬೇಕು. ಯಂತ್ರ ಸಾವಿರಾರು ಚಿತ್ರ ತೆಗೆದುಕೊಳ್ಳುತ್ತದೆ. ಅದರಲ್ಲಿ ನುಸುಳಿದ ಧೂಳು, ಒಡೆದ ಕಣಗಳನ್ನು ಮತ್ತೆ ಮನುಷ್ಯರೇ ಕೂತು ಹೆಕ್ಕಿ ಬಿಸಾಡಬೇಕು. ಹೀಗೆ ಒಂದೊಂದು ಗಿಡಕ್ಕೂ. ಪಠ್ಯಪುಸ್ತಕದ ಚಿತ್ರ ಕೊಟ್ಟರೆ ನಡೆಯದು. ಗಾಜಿನ ಮೇಲೆ ದ್ರವದಲ್ಲಿ ನೆನೆದ ಪರಾಗ ಉಬ್ಬಿ ದುಂಡಗಿರುತ್ತದೆ, ಗಾಳಿಯಲ್ಲಿ ಹಾರುವುದು ಒಣದ್ರಾಕ್ಷಿಯಂತೆ ಮುದುಡಿರುತ್ತದೆ. 2021ರಲ್ಲಿ ಮ್ಯೂನಿಕ್ಕಿನಲ್ಲಿ ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನು ಹರ್ಸ್ಟ್ ಬಲೆಗಳ ಜೊತೆ ಒಂದೇ ಕಡೆ ನಿಲ್ಲಿಸಿ ತಿಂಗಳುಗಟ್ಟಲೆ ಓಡಿಸಿದರು. ಒಟ್ಟು ಪರಾಗದ ಲೆಕ್ಕದಲ್ಲಿ ಹಲವು ಯಂತ್ರಗಳು ಚೆನ್ನಾಗಿ ತಾಳೆಯಾದವು. ಇದು ಬರ್ಚ್ ಮರದ್ದು, ಇದು ಹುಲ್ಲಿನದು ಎಂದು ಬಿಡಿಸಿ ಹೇಳುವಲ್ಲಿ ಮಾತ್ರ ಯಂತ್ರದಿಂದ ಯಂತ್ರಕ್ಕೆ, ಅದಕ್ಕೆ ಕಲಿಸಿದ ತಂತ್ರಾಂಶದಿಂದ ತಂತ್ರಾಂಶಕ್ಕೆ ಬಹಳ ಅಂತರವಿತ್ತು.

ಆ ಯಂತ್ರಗಳು ಕಲಿತಿರುವುದು ಬರ್ಚ್, ಆಲ್ಡರ್, ಹೇಝಲ್ ಮರಗಳು ಮತ್ತು ಕಳೆಗಿಡವಾದ ರ್‍ಯಾಗ್‌ವೀಡ್. ಬೆಂಗಳೂರಿಗೆ ಬಂದರೆ ಇಲ್ಲಿ ಬರ್ಚ್ ಇಲ್ಲ. ಕಾಂಗ್ರೆಸ್ ಗಿಡ, ಸರ್ವೆ, ನೀಲಗಿರಿ, ಹರಳು, ಗರಿಕೆ, ಜೋಳ, ಬಯಲುಸೀಮೆಯ ಕಡೆಗೆ ಹೋದರೆ ಬಳ್ಳಾರಿ ಜಾಲಿ. ಗೊತ್ತಿಲ್ಲದ ಕಣ ಎದುರಾದಾಗ ಯಂತ್ರ ‘ಗೊತ್ತಿಲ್ಲ’ ಎಂದರೆ ಪುಣ್ಯ. ಹಾಗೆನ್ನಲು ಕಲಿಸಿರದಿದ್ದರೆ, ಗೊತ್ತಿರುವುದರಲ್ಲಿ ಹತ್ತಿರದ್ದಕ್ಕೆ ಹಾಕುತ್ತದೆ. ಕಾಂಗ್ರೆಸ್ ಗಿಡವೂ ರ್‍ಯಾಗ್‌ವೀಡೂ ಹತ್ತಿರದ ನೆಂಟರು, ಇಬ್ಬರ ಪರಾಗಕ್ಕೂ ಮುಳ್ಳುಮೈ. ನಮ್ಮ ತಾರಸಿಯ ಮೇಲೆ ಕೂತು ‘ಈ ದಿನ ರ್‍ಯಾಗ್‌ವೀಡ್ ವಿಪರೀತ’ ಎಂದು ಅದು ವರದಿ ಕಳಿಸಿದರೆ ಆಶ್ಚರ್ಯಪಡಬೇಕಿಲ್ಲ.

ಇನ್ನೊಂದು ತೊಡಕು ನಮ್ಮ ಧೂಳು. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ಒಂದು ಗಂಟೆಯಲ್ಲಿ ಯಂತ್ರದ ಮುಂದೆ 10,000 ಧೂಳಿನ ಕಣ, 50 ಪರಾಗ ಹಾದುಹೋದವು. ಯಂತ್ರ ಬಲು ಜಾಣ, ಧೂಳನ್ನು ಪರಾಗವೆಂದು ತಪ್ಪಾಗಿ ತಿಳಿಯುವುದು 100ಕ್ಕೆ ಒಂದು ಸಲ ಮಾತ್ರ. ಆದರೂ 100 ಸುಳ್ಳು ಪರಾಗ, 50 ನಿಜ ಪರಾಗ. ವರದಿಯ ಮೂರನೇ ಎರಡು ಪಾಲು ರಸ್ತೆ ಅಗೆದ ಮಣ್ಣು! ಹಸಿರು ಸ್ವಿಸ್ ಕಣಿವೆಯಲ್ಲಿ 100ಕ್ಕೆ ಒಂದು ತಪ್ಪು ಸಣ್ಣದು, ಮೆಟ್ರೊ ಕಾಮಗಾರಿಯ ಪಕ್ಕದಲ್ಲಿ ದೊಡ್ಡದು. ಹಾಗಾಗಿ ಅದಕ್ಕೆ ನಮ್ಮ ಗಿಡಗಳ ಜೊತೆಗೆ ನಮ್ಮ ಧೂಳನ್ನೂ ಪಾಠ ಮಾಡಬೇಕು.

ಈ ಪಾಠಕ್ಕೆ ಬೇಕಾದ ವಿದ್ಯೆ ಇಲ್ಲಿ ಇರಲೇ ಇಲ್ಲವೆಂದಲ್ಲ. ಪುಣೆಯಲ್ಲಿ 1950ರ ದಶಕದ ಮಧ್ಯದಲ್ಲಿ ಕಣ್ಣಿಗೆ ಬಿದ್ದ ಪಾರ್ಥೇನಿಯಂ ನಮ್ಮಲ್ಲಿ ಕಾಂಗ್ರೆಸ್ ಗಿಡ ಹೇಗಾಯಿತು ಎಂಬುದಕ್ಕೆ ಊರಿಗೊಂದು ಕತೆಯಿದೆ. ಆದರೆ ಅದನ್ನು ಹಿಡಿದು ಅಧ್ಯಯನ ಮಾಡಿದ್ದರಲ್ಲಿ ಬೆಂಗಳೂರಿನದು ದೊಡ್ಡ ಪಾಲು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕಾಂಚನ್ ಮತ್ತು ಜಯಚಂದ್ರ 1980ರಲ್ಲೇ ಬರೆದರು: ಒಂದು ಗಿಡ ಸರಾಸರಿ 62.4 ಕೋಟಿ ಪರಾಗ ಉದುರಿಸುತ್ತದೆ, ಅವು ಬೇರೆ ಬೆಳೆಗಳ ಹೂವಿನ ಮೇಲೆ ಕೂತು ಕಾಯಿ ಕಟ್ಟುವುದನ್ನೂ ತಡೆಯುತ್ತವೆ. ಅವರು ಗಮನಿಸಿದ ಇನ್ನೊಂದು ವಿಷಯ ನಮ್ಮ ಮಾತಿಗೆ ಬೇಕಾದ್ದು. ಈ ಪರಾಗ 600ರಿಂದ 800ರ ಮುದ್ದೆಗಳಾಗಿಯೂ ಸಾಗುತ್ತದೆ. ಒಂಟಿ ಕಣದ ಚಿತ್ರ ಕಲಿತ ಯಂತ್ರಕ್ಕೆ ಅಂಥ ಮುದ್ದೆ ಎದುರಾದರೆ ಅದು ಏನೆಂದುಕೊಳ್ಳಬೇಕು? ಒಂದೆಂದು ಎಣಿಸಬೇಕೋ, 600 ಎಂದೋ, ಧೂಳೆಂದೋ? 1991ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಬೆಂಗಳೂರಿನ ಮೂಗಿನ ಅಲರ್ಜಿಯ ರೋಗಿಗಳಲ್ಲಿ 100ಕ್ಕೆ 34 ಮಂದಿಯ ಚರ್ಮ ಈ ಪರಾಗದ ಪರೀಕ್ಷೆಗೆ ಪ್ರತಿಕ್ರಿಯಿಸಿತ್ತು. ಅದೇ ವಿಶ್ವವಿದ್ಯಾಲಯದ ಪ್ರೊ. ಎಸ್. ಎನ್. ಅಗಾಶೆ ನಗರದ ಗಾಳಿಯ ಪರಾಗದ ಅಧ್ಯಯನಕ್ಕೆ ದಶಕಗಳನ್ನೇ ಕೊಟ್ಟರು. ಇತ್ತೀಚೆಗೆ ಚಂಡೀಗಢದ ಸಂಶೋಧಕರು ತಮ್ಮ ಊರಿಗೊಂದು ಪರಾಗ ಕ್ಯಾಲೆಂಡರ್ ಮಾಡಿದ್ದಾರೆ.

ಕ್ಯಾಲೆಂಡರ್ ಉಪಯೋಗದ ವಸ್ತು. ಆದರೆ ಅದು ಪಂಚಾಂಗ. ಹಸ್ತ ಮಳೆ ಯಾವಾಗ ಹುಟ್ಟುತ್ತದೆಂದು ಪಂಚಾಂಗದಲ್ಲಿರುತ್ತದೆ, ಹಸ್ತ ಸುರಿಯಿತೋ ಕೈಕೊಟ್ಟಿತೋ ಎಂಬುದು ಅಂಗಳದಲ್ಲಿ ನಿಂತವನಿಗೆ ಗೊತ್ತು. ಮಳೆಯ ವಿಷಯದಲ್ಲಿ ನಾವು ಅಂಗಳ ಬಿಟ್ಟು ಬಹಳ ಮುಂದೆ ಬಂದಿದ್ದೇವೆ, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಆದರೆ ಹನಿ ಎಲ್ಲಿ ಬಿದ್ದರೂ ಹನಿಯೇ. ಮಳೆಮಾಪಕಕ್ಕೆ ಇದು ಕೊಡಗಿನ ಹನಿ, ಇದು ಕೋಲಾರದ್ದು ಎಂದು ಕಲಿಸಬೇಕಿಲ್ಲ.

ಪರಾಗ ಕ್ಷಣಕ್ಷಣಕ್ಕೆ ಗೊತ್ತಾಗಿ ಏನಾಗಬೇಕು, ಒಂದು ಮಾತ್ರೆ ನುಂಗಿದರೆ ಮುಗಿಯಿತಲ್ಲ ಎನ್ನುವವರಿಗೆ ಮೆಲ್ಬರ್ನ್ ನೆನಪಿಸಬೇಕು. 2016ರ ನವೆಂಬರ್ 21ರ ಸಂಜೆ ಅಲ್ಲಿ ಗುಡುಗು ಗಾಳಿ ಬೀಸಿತು. ಆ ದಿನ ಗಾಳಿಯಲ್ಲಿ ರೈ ಹುಲ್ಲಿನ ಪರಾಗ ತುಂಬಿತ್ತು. ಮುಂದಿನ ಕೆಲವು ಗಂಟೆಗಳಲ್ಲಿ ಸಾವಿರಾರು ಜನ ಉಸಿರು ಕಟ್ಟಿ ಆಸ್ಪತ್ರೆಗಳಿಗೆ ಓಡಿದರು, 10 ಮಂದಿ ಸತ್ತರು. ಎಷ್ಟೋ ಮಂದಿಗೆ ಅಲ್ಲಿಯವರೆಗೆ ಉಬ್ಬಸವೇ ಇರಲಿಲ್ಲ, ಮೂಗು ಸೋರುವುದು ಮಾತ್ರ ಇತ್ತು. ಆಸ್ಪತ್ರೆಗೆ ಬಂದವರಲ್ಲಿ ಭಾರತ, ಶ್ರೀಲಂಕಾ ಮೂಲದವರು ಜನಸಂಖ್ಯೆಯಲ್ಲಿನ ತಮ್ಮ ಪಾಲಿಗಿಂತ ಹೆಚ್ಚಿದ್ದರು. ಆ ಊರಿನಲ್ಲಿ ಕನ್ನಡದವರೂ ಸಾಕಷ್ಟಿದ್ದಾರೆ, ವಸಂತದಲ್ಲಿ ಮೂಗು ಸೋರಿದರೆ ‘ಹವಾ ಬದಲಾಯಿತು’ ಎಂದು ಸುಮ್ಮನಿರಬಾರದು. ಮರುವರ್ಷದಿಂದ ವಿಕ್ಟೋರಿಯಾ ರಾಜ್ಯದಲ್ಲಿ ಇದಕ್ಕೆಂದೇ ಮುನ್ಸೂಚನೆ ವ್ಯವಸ್ಥೆ ಬಂತು.

ಅಲ್ಲಿಯೂ ಒಂದು ಪಾಠವಿದೆ. ಹುಲ್ಲಿನ ಪರಾಗ ನೀರು ಕುಡಿದು ಒಡೆದರೆ ಒಂದರಿಂದ ಸುಮಾರು 700 ಪಿಷ್ಟದ ಕಣ ಚೆಲ್ಲುತ್ತದೆ, ಒಂದೊಂದೂ ಶ್ವಾಸಕೋಶದ ತಳಕ್ಕಿಳಿಯುವಷ್ಟು ಸಣ್ಣದು. ಮೂಗಿನಲ್ಲೇ ನಿಲ್ಲಬೇಕಾದ ಅಲರ್ಜಿ ಎದೆಗಿಳಿಯುವುದು ಹೀಗೆ. ಇಡೀ ಪರಾಗ ಎಣಿಸುವ ಯಂತ್ರದ ಕಣ್ಣಿಗೆ ಈ ಚೂರುಗಳು ಬೀಳುವುದಿಲ್ಲ. ಪರಾಗದ ಅಂಕಿ ಮಳೆಗಾಳಿಯ ಮುನ್ಸೂಚನೆಯ ಜೊತೆ ಸೇರಿದಾಗಲೇ ಅದಕ್ಕೆ ಅರ್ಥ.

ಅಂಕಿ ಇಲ್ಲದ ಊರಿನಲ್ಲಿ ಅಪವಾದ ಹೊರುವುದು ಕಣ್ಣಿಗೆ ಕಾಣುವ ಹೂ. ಫೆಬ್ರವರಿ ಬಂದರೆ ಬೆಂಗಳೂರಿನ ರಸ್ತೆಗಳಲ್ಲಿ ಟಬೂಬಿಯಾ ಗುಲಾಬಿಯಾಗಿ ಅರಳುತ್ತದೆ, ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಈ ಮರದಿಂದಲೇ ಅಲರ್ಜಿ, ಕಡಿಸಿ’ ಎಂಬ ಮಾತೂ ಅರಳುತ್ತದೆ. ದುಂಬಿಗಾಗಿ ಸಿಂಗರಿಸಿಕೊಂಡ ಹೂವಿನ ಪರಾಗ ದುಂಬಿಯ ಮೈಗೆ ಅಂಟಲೆಂದೇ ಇರುವುದು, ಗಾಳಿಗೆ ಏರುವುದು ಕಡಿಮೆ. ಗಾಳಿಯನ್ನು ನಂಬಿದ ಗಿಡಮರಗಳಿಗೆ ಬಣ್ಣದ ಹಂಗಿಲ್ಲ, ಸರ್ವೆ ಹೂ ಬಿಟ್ಟದ್ದನ್ನು ನೋಡಿದವರೇ ಕಡಿಮೆ. ಎರಡು ವರ್ಷದ ಅಂಕಿ ಕೈಯಲ್ಲಿದ್ದರೆ ಇಂಥ ಜಗಳಕ್ಕೆ ಉತ್ತರ ಕೊಡಬಹುದಿತ್ತು.

ಹಾಗಾದರೆ ಎಲ್ಲಿಂದ ಶುರುಮಾಡುವುದು? ನನ್ನನ್ನು ಕೇಳಿದರೆ ಮೊದಲು ಹರ್ಸ್ಟರ 1952ರ ಮಾದರಿಯ ಬಲೆಗಳನ್ನೇ ಬೆಂಗಳೂರು, ಧಾರವಾಡ, ಬಳ್ಳಾರಿ, ಮಂಗಳೂರಿನಲ್ಲಿ ಒಂದೊಂದು ನಿಲ್ಲಿಸಬೇಕು. ಪ್ರತಿಯೊಂದಕ್ಕೂ ಗಾಜು ಓದಲು ಬಲ್ಲ ಇಬ್ಬರು, ಅವರಿಗೆ ಕಾಯಂ ಕೆಲಸ. ಒಂದು ಪರಾಗ ಸಂಗ್ರಹ, ಪ್ರತಿ ಮಾದರಿಗೂ ಒಣಗಿಸಿಟ್ಟ ಗಿಡದ ಸಾಕ್ಷಿ. ಒಂದೇ ಒಂದು ಸ್ವಯಂಚಾಲಿತ ಯಂತ್ರವನ್ನು ಬೆಂಗಳೂರಿನ ಬಲೆಯ ಪಕ್ಕದಲ್ಲಿಟ್ಟು ಎರಡು ವರ್ಷ ಪಾಠ. ಅದರ ಬೆಲೆ ರೂಪಾಯಿಯಲ್ಲಿ ಹಲವು ಹತ್ತು ಲಕ್ಷವಾದರೂ ಆಗುತ್ತದೆ, ಆದರೆ ನಮ್ಮಲ್ಲಿ ಯಂತ್ರಕ್ಕೆ ದುಡ್ಡು ಹುಟ್ಟುವುದು ಸುಲಭ, ಅದನ್ನು ನೋಡಿಕೊಳ್ಳುವವರ ಸಂಬಳಕ್ಕೆ ಹುಟ್ಟುವುದು ಕಷ್ಟ. ಸ್ವಯಂಚಾಲಿತ ಎಂದರೆ ಮನುಷ್ಯರು ಬೇಡ ಎಂದು ಓದಿಕೊಂಡರೆ ಯೋಜನೆ ಅಲ್ಲಿಗೇ ನಿಲ್ಲುತ್ತದೆ. ಮನುಷ್ಯರ ಕೆಲಸ ಎಣಿಸುವುದರಿಂದ ಕಲಿಸುವುದಕ್ಕೆ ಜರುಗುತ್ತದೆ, ಅಷ್ಟೆ.

ಆ ಬಲೆ, ಆ ಯಂತ್ರ ಬರೀ ಅಲರ್ಜಿಯವರಿಗಲ್ಲ. ಹರ್ಸ್ಟ್ ಬೆನ್ನು ಹತ್ತಿದ್ದ ರೋಗಗಳಲ್ಲಿ ಆಲೂಗಡ್ಡೆಯದೂ ಒಂದು, ನಮ್ಮ ಹಾಸನದ ರೈತರು ಅಂಗಮಾರಿ ಎನ್ನುವುದು ಅದಕ್ಕೇ. ಮೋಡ ಮುಸುಕಿದ ವಾರದಲ್ಲಿ ಔಷಧಿ ಹೊಡೆಯಲೋ ಬೇಡವೋ ಎಂದು ಬದುವಿನ ಮೇಲೆ ನಿಂತು ಯೋಚಿಸುವವನಿಗೆ, ಗಾಳಿಯಲ್ಲಿ ಬೀಜಕ ಬಂದಿದೆಯೋ ಇಲ್ಲವೋ ಎಂಬ ಸುದ್ದಿ ಒಂದು ಸಿಂಪಡಣೆಯ ಖರ್ಚು ಉಳಿಸಬಹುದು. ಭತ್ತ, ರಾಗಿಯ ಬೆಂಕಿರೋಗದ ಬೀಜಕಗಳೂ ಗಾಳಿಯಲ್ಲೇ ಬರುತ್ತವೆ. ಆರೋಗ್ಯ ಇಲಾಖೆ ಇದು ನಮ್ಮದಲ್ಲ ಎಂದರೆ ಕೃಷಿ ವಿಶ್ವವಿದ್ಯಾಲಯಗಳು ಕೈಹಾಕಲು ಇಷ್ಟು ಕಾರಣ ಸಾಕು.

ಪಾಠಕ್ಕೆ ಮಾದರಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಮಳೆ ನಿಂತ ವಾರ ನಮ್ಮ ರಸ್ತೆಗೆ ಬಂದರಾಯಿತು, ಮಾಸ್ಕು, ಕೈಗವಸು, ಕಾಗದದ ಲಕೋಟೆ ಹಿಡಿದು. ನಾಲ್ಕನೇ ಸೈಟು. ಮಾಲೀಕರು ಯಾರೆಂದು ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ, ಹೂ ಕೀಳಬೇಡಿ ಎನ್ನುವವರೂ ಇಲ್ಲ.